ಬಸುರಿ ವೈದ್ಯೆಯ ಡ್ಯೂಟಿ ಪಟ್ಟಿ

ಮಾನ್ಯ ಸಂಪಾದಕರೇ,

ವೈದ್ಯೆಯರ ಹೆರಿಗೆ ವಿಷಯ ಬಂದಾಗಲೆಲ್ಲ 26 ವಾರಗಳ ರಜೆಯ ಮಾತೇ ಮುಂದೆ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ದೊಡ್ಡ ಆಸ್ಪತ್ರೆಗಳಲ್ಲಿ ತೊಡಕು ಶುರುವಾಗುವುದು ಅದಕ್ಕೂ ಬಹಳ ಮೊದಲು, ಮುಟ್ಟು ತಪ್ಪಿ ಒಂದೆರಡು ವಾರವಾದಾಗ. ಆಗ ಪಿಜಿ (ಸ್ನಾತಕೋತ್ತರ ಪದವಿ ಓದುತ್ತಲೇ ದುಡಿಯುವ) ವೈದ್ಯೆ ಮೊದಲು ಮಾಡುವ ಕೆಲಸ ವಿಷಯ ಮುಚ್ಚಿಡುವುದು.

ಯಾಕೆ ಎಂಬುದಕ್ಕೆ ಡ್ಯೂಟಿ ಪಟ್ಟಿಯ ಲೆಕ್ಕ ನೋಡಬೇಕು. ವಿಭಾಗದಲ್ಲಿ ಎಂಟು ಪಿಜಿಗಳು, ರಾತ್ರಿಗೆ ಇಬ್ಬರು ಎಂದಿಟ್ಟುಕೊಳ್ಳಿ. ತಿಂಗಳಿಗೆ 60 ಪಾಳಿ, ತಲೆಗೆ ಏಳೂವರೆ. ಒಬ್ಬಳನ್ನು ನೈಟ್‌ನಿಂದ ಬಿಟ್ಟರೆ ಉಳಿದವರಿಗೆ ಬರುವುದು ಎಂಟೂವರೆ ಚಿಲ್ಲರೆ. ತಿಂಗಳಿಗೆ ಒಂದು ರಾತ್ರಿ ಹೆಚ್ಚು, ಅಷ್ಟೇ. ಇಬ್ಬರನ್ನು ಬಿಟ್ಟರೆ ತಲೆಗೆ ಹತ್ತು. ಅದು ನಿಜವಾದ ಹೊರೆ, ಅಲ್ಲಿ ಬದಲಿ ವೈದ್ಯರು ಬೇಕೇ ಬೇಕು. ಒಬ್ಬಳ ಮಟ್ಟಿಗೆ ಸಮನಾಗಿ ಹಂಚಿದರೆ ಯಾರೂ ಗೊಣಗುವಷ್ಟಿಲ್ಲ. ಆದರೆ ಸಾಮಾನ್ಯವಾಗಿ ಹಂಚಿಕೆ ನಡೆಯುವುದು ಯೂನಿಟ್‌ನ, ಅಂದರೆ ವಿಭಾಗದೊಳಗಿನ ಸಣ್ಣ ತಂಡದ ಒಳಗೆ. ಅಲ್ಲಿರುವವರೇ ಇಬ್ಬರು ಮೂವರು, ಆ ಪಾಳಿಗಳೆಲ್ಲ ಒಬ್ಬ ಜೂನಿಯರ್ ಕೊರಳಿಗೆ ಬೀಳುತ್ತವೆ. ಅವನ ಸಿಟ್ಟು ಪಟ್ಟಿ ಬರೆದವರ ಮೇಲೆ ಹೋಗುವುದಿಲ್ಲ, ಬಸುರಿಯ ಮೇಲೆ ಹೋಗುತ್ತದೆ. ಹೀಗಾಗಿ ಅವಳು ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡುವುದಿಲ್ಲ.

ಜಾಗ್ರತೆ ಹೆಚ್ಚು ಬೇಕಾದದ್ದು ಆ ಮೂರು ತಿಂಗಳಲ್ಲೇ. ಕೂಸಿನ ಅಂಗಾಂಗಗಳು ರೂಪುಗೊಳ್ಳುವ ಕೆಲಸ ಬಹುಪಾಲು ಮೊದಲ ಹತ್ತು ವಾರಗಳಲ್ಲಿ ಮುಗಿದಿರುತ್ತದೆ. ವಾರಕ್ಕೆ ಎರಡು ಅಥವಾ ಹೆಚ್ಚು ನೈಟ್ ಮಾಡಿದವರಲ್ಲಿ ಎಂಟನೇ ವಾರದ ನಂತರ ಗರ್ಭಪಾತದ ಅಪಾಯ ಏರುವುದನ್ನು ಡೆನ್ಮಾರ್ಕಿನ 2019ರ ಅಧ್ಯಯನವೊಂದು ತೋರಿಸಿದೆ. ನಮ್ಮ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಬಹಳ ಹೊತ್ತು ನಿಲ್ಲುವ, ಮೈಮುರಿಯುವ ಕೆಲಸದಿಂದ ವಿನಾಯಿತಿ ಕೇಳುವ ಹಕ್ಕು ಮುಖ್ಯವಾಗಿ ಸಿಗುವುದು ಹೆರಿಗೆಗೆ ಹತ್ತು ವಾರ ಉಳಿದಾಗ. ಮೊದಲ ಹತ್ತು ವಾರಕ್ಕೆ ಅಂಥದ್ದೇನೂ ಇಲ್ಲ.

ಮೂಳೆ ವಿಭಾಗದ ಓಟಿಯನ್ನೇ (ಶಸ್ತ್ರಚಿಕಿತ್ಸೆಯ ಕೋಣೆ) ತೆಗೆದುಕೊಳ್ಳಿ. ಶಸ್ತ್ರಚಿಕಿತ್ಸೆಯ ನಡುವೆ ಎಕ್ಸ್-ರೇ ಚಿತ್ರ ತೋರಿಸುವ ಸಿ-ಆರ್ಮ್ ಯಂತ್ರ ಓಡುವಾಗ ವೈದ್ಯರಿಗೆ ತಗಲುವ ಕಿರಣ ಬಹುತೇಕ ರೋಗಿಯ ಮೈಯಿಂದ ಚದುರಿ ಬಂದದ್ದು. ಅಡ್ಡ ಚಿತ್ರ ತೆಗೆಯುವಾಗ ಕಿರಣ ಹೊರಡುವ ಟ್ಯೂಬ್ ಇರುವ ಬದಿ ಬಿಟ್ಟು ಎದುರು ಬದಿಯಲ್ಲಿ ನಿಲ್ಲಬೇಕು. ದೂರ ಎರಡರಷ್ಟಾದರೆ ಪ್ರಮಾಣ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಸೀಸದ ಏಪ್ರನ್ ಸುತ್ತಿಕೊಳ್ಳುವಂಥದ್ದಿರಬೇಕು; ಬೆನ್ನು ತೆರೆದದ್ದಾದರೆ ಉಪಕರಣಕ್ಕೆ ತಿರುಗಿದಾಗ ಕೆಲಸಕ್ಕೆ ಬರುವುದಿಲ್ಲ. ಮಡಚಿ ಸ್ಟೂಲಿನ ಮೇಲೆ ಎಸೆದ ಏಪ್ರನ್ ಒಳಗೊಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ತಗಲಿದ ಕಿರಣವನ್ನು ಅಳೆಯುವ ಎದೆಯ ಟಿಎಲ್‌ಡಿ ಬ್ಯಾಡ್ಜಿನ ಜತೆ ಇನ್ನೊಂದು ಬ್ಯಾಡ್ಜ್ ಏಪ್ರನ್ ಒಳಗೆ ಹೊಟ್ಟೆಯ ಮಟ್ಟದಲ್ಲಿರಬೇಕು. ಬಸಿರು ತಿಳಿಸಿದ ಮೇಲೆ ಕೂಸಿಗೆ ತಗಲುವ ಕಿರಣ ಸುಮಾರು 1 ಮಿಲಿಸೀವರ್ಟ್ (ಕಿರಣದ ಅಳತೆ) ಮೀರಬಾರದೆಂಬುದು ಅಂತರರಾಷ್ಟ್ರೀಯ ಮಿತಿ. ಎಚ್ಚರಿಕೆಯಿಂದ ನಡೆದರೆ ಅದರೊಳಗೆ ಇರುವುದು ಕಷ್ಟವೇನಲ್ಲ, ಓಟಿ ಬಿಟ್ಟೇ ಓಡಬೇಕಿಲ್ಲ. ಆದರೆ ಟಿಎಲ್‌ಡಿ ವರದಿ ಬರುವುದು ಮೂರು ತಿಂಗಳಿಗೊಮ್ಮೆ. ಮುಚ್ಚಿಟ್ಟವಳ ಕೈಗೆ ವರದಿ ಸಿಗುವಾಗ ಆ ಅವಧಿಯೇ ದಾಟಿರುತ್ತದೆ. ಅರಿವಳಿಕೆಯವರಿಗೆ, ರೋಗಿಗೆ ಕೊಡುವ ನೈಟ್ರಸ್ ಆಕ್ಸೈಡ್ ಅನಿಲವನ್ನು ಹೊರಸಾಗಿಸುವ ಪೈಪು ಜೋಡಿಸಿದೆಯೇ ಎಂದು ದಿನವೂ ನೋಡಿಕೊಳ್ಳುವುದು ಇಷ್ಟೇ ಮುಖ್ಯ. ಮಕ್ಕಳಿಗೆ ಮಾಸ್ಕ್ ಹಿಡಿಯುವಾಗ ಸೋರಿಕೆ ಹೆಚ್ಚು.

ಹಾಗಾಗಿ ನಮ್ಮ ಸಲಹೆ: ವಿಷಯವನ್ನು ವೈದ್ಯಕೀಯ ಅಧೀಕ್ಷಕರ ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಬರಹದಲ್ಲಿ ತಿಳಿಸುವ ಅವಕಾಶವಿರಲಿ. ಪಟ್ಟಿ ಅಲ್ಲಿಂದಲೇ ಬದಲಾಗಲಿ, ಕಾರಣ ನಮೂದಾಗದಿರಲಿ, ಪಾಳಿ ಇಡೀ ವಿಭಾಗಕ್ಕೆ ಹಂಚಿಕೆಯಾಗಲಿ.

ಗರ್ಭ ನಿಲ್ಲದವರ ಕಷ್ಟ ಬೇರೆ. ಎಂಬಿಬಿಎಸ್ ಐದೂವರೆ ವರ್ಷ, ಪಿಜಿ ಮೂರು, ಸೂಪರ್ ಸ್ಪೆಷಾಲಿಟಿ ಮತ್ತೆ ಮೂರು. ನಡುವೆ ಸೀಟಿಗಾಗಿ ಓದಿದ ವರ್ಷಗಳನ್ನು ಸೇರಿಸಿದರೆ ಮೂವತ್ತು ದಾಟಿಯೇ ಹೋಗುತ್ತದೆ. ಗಂಡ ಹಾವೇರಿಯಲ್ಲಿ, ಹೆಂಡತಿ ಹುಬ್ಬಳ್ಳಿಯಲ್ಲಿ ಡ್ಯೂಟಿಗಿದ್ದರೆ, ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ಆರು ದಿನಗಳೂ ಎರಡು ಪಟ್ಟಿಗಳ ನಡುವೆ ಸೋರಿಹೋಗುತ್ತವೆ. ವಯಸ್ಸು 35ರೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ನೋಡಿ ಪರೀಕ್ಷೆಗೆ ಹೋಗಬೇಕೆಂದು ರೋಗಿಗಳಿಗೆ ಹೇಳುವವರೇ ತಮ್ಮ ವಿಷಯದಲ್ಲಿ ಮುಂದೂಡುತ್ತಾರೆ. ಹೋದರೂ ಹೆಂಡತಿಯ ಎಲ್ಲ ಪರೀಕ್ಷೆ ಮುಗಿದ ಮೇಲೆ ಗಂಡನ ವೀರ್ಯ ಪರೀಕ್ಷೆ! ಎರಡರಿಂದ ಏಳು ದಿನ ಸಂಯಮ, ಮಾದರಿ ಒಂದು ತಾಸಿನೊಳಗೆ ಲ್ಯಾಬಿಗೆ. ಇಷ್ಟು ಸರಳವಾದದ್ದು ಮೊದಲು ಆಗಬೇಕಿತ್ತು. ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆ) ಕೊನೆಯ ಇಂಜೆಕ್ಷನ್ ಕೊಟ್ಟು 34ರಿಂದ 36 ತಾಸಿಗೆ ಅಂಡಾಣು ತೆಗೆಯಬೇಕು. ಎಮರ್ಜೆನ್ಸಿ ಇದೆಯೆಂದು ಅದು ಕಾಯುವುದಿಲ್ಲ, ಆ ಎರಡು ದಿನದ ಅದಲುಬದಲು ಮೊದಲೇ ಖಚಿತವಾಗಬೇಕು.

ಗುತ್ತಿಗೆ ವೈದ್ಯೆಯರು ಒಂದು ಮಾತು ತಿಳಿದಿರಲಿ. ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಂದುವರಿಯಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದಿಲ್ಲಿಯ ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲೇ.

ಕೆಲಸಕ್ಕೆ ಮರಳಿದ ಮೇಲಿನ ತೊಂದರೆ ಹಾಲಿನದು. ಹಿಂಡಿದ ಹಾಲು 25 ಡಿಗ್ರಿಯೊಳಗೆ ನಾಲ್ಕು ತಾಸು, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಗದಗಿನ ಏಪ್ರಿಲ್ ಬಿಸಿಲಿಗೆ ಆ ನಾಲ್ಕು ತಾಸನ್ನು ನೆಚ್ಚಬೇಡಿ, ಐಸ್‌ಪ್ಯಾಕ್ ಇರುವ ಡಬ್ಬಿ ಬೇಕು. ಲಸಿಕೆಯ ಫ್ರಿಜ್‌ನಲ್ಲಂತೂ ಇಡಬಾರದು, ಬೇರೆ ಸಣ್ಣದೊಂದು ಕೊಡಿಸಲಿ. ಹನ್ನೆರಡು ತಾಸು ಹಿಂಡದೆ ಓಡಾಡಿದರೆ ಎದೆ ಕಟ್ಟಿ ಜ್ವರ ಬರಬಹುದು, ಹಾಲೂ ಇಳಿಯಬಹುದು. ಐವತ್ತು ಮಂದಿ ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ನರೇಗಾ ಕೂಲಿಕಾರರ ಮಕ್ಕಳಿಗೆ ಹಳ್ಳಿಗಳಲ್ಲಿ ಕೂಸಿನ ಮನೆ ತೆರೆದ ರಾಜ್ಯ ನಮ್ಮದು. ರಾತ್ರಿ ದುಡಿಯುವ ವೈದ್ಯೆ, ನರ್ಸ್, ಆಯಾಗಳ ಮಕ್ಕಳಿಗೂ ಆಸ್ಪತ್ರೆಯೊಳಗೆ ಅಂಥದ್ದೊಂದು ರಾತ್ರಿ ತೆರೆದಿರಲಿ. ನೈಟ್ ಬೆಳಿಗ್ಗೆ 8ಕ್ಕೆ ಮುಗಿಯುತ್ತದೆಂದು ಪಟ್ಟಿಯಲ್ಲಿದ್ದರೂ ರೌಂಡ್ಸ್ ಮುಗಿಯದೆ ಯಾರೂ ಹೊರಬೀಳುವುದಿಲ್ಲ; ಆ ಕೂಸಿನ ಮನೆಯ ಪಾಳಿ 10 ಗಂಟೆಯವರೆಗೆ ಇರಬೇಕು.

– ಕೆಲವು ವೈದ್ಯರು, ಹುಬ್ಬಳ್ಳಿ