ಅಕ್ಕನ ಊರು ತಂಗಿಯ ಲೆಕ್ಕಕ್ಕೆ

ಸಖರಾಯಪಟ್ಟಣದ ರುಕ್ಮಾಂಗದ ರಾಜ ಹಿರಿಮಗಳಿಗೊಂದು, ಕಿರಿಮಗಳಿಗೊಂದು ಊರು ಬಳುವಳಿ ಕೊಟ್ಟನೆಂಬ ಐತಿಹ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಮೇಲೆ ತಂಗಿಯ ಊರು ಬೆಳೆಯುತ್ತ ಬೆಳೆಯುತ್ತ ಅಕ್ಕನ ಊರನ್ನೇ ಮಗ್ಗುಲಿಗೆ ಎಳೆದುಕೊಂಡಿತು. ಚಿಕ್ಕಮಗಳೂರು ಎಲ್ಲಿ ಮುಗಿದು ಹಿರೇಮಗಳೂರು ಎಲ್ಲಿ ಶುರುವಾಯಿತೆಂದು ಕೋದಂಡರಾಮನ ಗುಡಿಗೆ ಹೊರಟವರು ಈಗ ಹೇಳಲಾರರು.

ಮೊದಲ ತಿರುವು 1865ರದು. ಕಡೂರು ಜಿಲ್ಲೆಯ ಕೇಂದ್ರ ಆಗ ಕಡೂರಿನಿಂದ ಚಿಕ್ಕಮಗಳೂರಿಗೆ ಬಂತು. ಜಿಲ್ಲೆಯ ಹೆಸರು ಬದಲಾದದ್ದು 1947ರಲ್ಲಿ. ಒಂದು ಕಡೆ ಬಾಬಾಬುಡನ್ ಗಿರಿಸಾಲು ಅಡ್ಡ ನಿಂತದ್ದರಿಂದ ಊರು ಕಡೂರು, ಬೇಲೂರು ರಸ್ತೆಗಳನ್ನೇ ಹಿಡಿದು ಚಾಚಿತು. 1980ರಲ್ಲಿ ಎಐಟಿ ಇಂಜಿನಿಯರಿಂಗ್ ಕಾಲೇಜು, 2013ರಲ್ಲಿ ಕಡೂರಿನಿಂದ ರೈಲು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 1,18,401. ನಗರಸಭೆಗೆ 35 ವಾರ್ಡು.

ಹಳ್ಳಿ ನಗರವಾಗಲು ಕಾಯ್ದೆಯಲ್ಲಿ ಅಳತೆಗೋಲಿದೆ. ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಗ್ರಾಮ ಪಂಚಾಯಿತಿ ಆಗಬಹುದು. 10,000 ದಾಟಿದರೆ ಪಟ್ಟಣ ಪಂಚಾಯಿತಿ, 20,000ಕ್ಕೆ ಪುರಸಭೆ, 50,000ಕ್ಕೆ ನಗರಸಭೆ, 3 ಲಕ್ಷಕ್ಕೆ ಮಹಾನಗರ ಪಾಲಿಕೆ. ತಲೆ ಎಣಿಸಿದರಷ್ಟೇ ಸಾಲದು, ದುಡಿಯುವವರಲ್ಲಿ ಅರ್ಧದಷ್ಟಾದರೂ ಬೇಸಾಯ ಬಿಟ್ಟ ಕಸುಬಿನವರಿರಬೇಕು. ಅಂಚಿನ ಹಳ್ಳಿಗಳನ್ನು ಸೇರಿಸುವಾಗ ಮೊದಲು ರಾಜ್ಯಪತ್ರದಲ್ಲಿ ಕರಡು ಅಧಿಸೂಚನೆ ಬರುತ್ತದೆ. ಆಕ್ಷೇಪಣೆಗೆ 30 ದಿನ. ಸರ್ವೆ ನಂಬರುಗಳ ಆ ಪಟ್ಟಿಯನ್ನು ಯಾರೂ ಓದುವುದಿಲ್ಲ. ತಕರಾರು ಏಳುವುದು ತೆರಿಗೆ ನೋಟಿಸು ಬಂದ ಮೇಲೆ.

ಗಡಿ ಒಂದೇ ದಿನದಲ್ಲಿ ಸರಿಯುತ್ತದೆ, ನಲ್ಲಿ ನೀರು ಹಾಗೆ ಸರಿಯುವುದಿಲ್ಲ. ಚಿಕ್ಕಮಗಳೂರಿಗೆ ಹಿರೇಕೊಳಲೆ ಕೆರೆಯ ನೀರಿದೆ, ಬೇಲೂರಿನ ಯಗಚಿಯ ನೀರಿದೆ. ಬೇಲೂರು ತಗ್ಗು, ಚಿಕ್ಕಮಗಳೂರು ಎತ್ತರ; ಯಗಚಿ ನೀರನ್ನು ಪಂಪಿನಿಂದಲೇ ಮೇಲೆತ್ತಬೇಕು. ಕರೆಂಟು ಕೈಕೊಟ್ಟರೆ ಮೊದಲು ಒಣಗುವುದು ಪೈಪಿನ ತುದಿಯಲ್ಲಿರುವ ಹೊಸ ಬಡಾವಣೆ.

ಇಲ್ಲಿ ವಿದೇಶದಲ್ಲಿ ನಾವು ಸ್ಥಳೀಯ ಕೌನ್ಸಿಲ್‌ಗೆ ಕಟ್ಟುವ ರೇಟ್, ಅಂದರೆ ಮನೆ ತೆರಿಗೆ, ಯಾವ ಕೌನ್ಸಿಲ್‌ನ ಹೆಸರಿಗೆ ಹೋದರೂ ಮನೆಯ ಹಕ್ಕಿಗೆ ಏನೂ ಆಗುವುದಿಲ್ಲ. ಊರಲ್ಲಿ ಸೈಟಿರುವವರು ಅಷ್ಟು ನಿಶ್ಚಿಂತೆಯಿಂದ ಇರುವಂತಿಲ್ಲ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಸರಿ. 11ಬಿ ಮಾತ್ರ ಇದ್ದರೆ ಅದು ಭೂಪರಿವರ್ತನೆಯೋ ಬಡಾವಣೆಯ ಅನುಮೋದನೆಯೋ ಇಲ್ಲದ ಕಂದಾಯ ನಿವೇಶನವೆಂದೇ ಅನುಮಾನಿಸಿ. ಅಂಥ ಜಾಗದ ಪಹಣಿ ಎಷ್ಟೋ ಸಲ ಇನ್ನೂ ಹಳೆಯ ರೈತರ ಹೆಸರಿನಲ್ಲೇ ಇರುತ್ತದೆ. ಹಳ್ಳಿ ನಗರಸಭೆಗೆ ಸೇರಿದರೆ ದಾಖಲೆ ನಗರಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಆಸ್ತಿಗೆ ಹೋಗಿ ನಮೂನೆ 3 ಆಗಬೇಕು. ಆಗ ಕ್ರಯಪತ್ರದ ಚಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿ) ಪಂಚಾಯಿತಿ ಪುಸ್ತಕದ ಅಳತೆಗೂ ತಾಳೆಯಾಗದೆ ಅರ್ಜಿ ವಾಪಸು ಬರುತ್ತದೆ. ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ ಬಿ-ಖಾತೆ ಸಿಕ್ಕಿತೆಂದು ಹಿಗ್ಗಬೇಡಿ. ಅದು ತೆರಿಗೆ ವಸೂಲಿಯ ದಾರಿ, ಸಕ್ರಮದ ಪತ್ರವಲ್ಲ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಮಾರಾಟ, ಅಡಮಾನಗಳ ವಿವರ, ಇ.ಸಿ.) ತೆಗೆಸುವಾಗ ನೆನಪಿರಲಿ: ವ್ಯವಹಾರ ನಡೆದಿದ್ದರೆ ನಮೂನೆ 15, ಇಲ್ಲದಿದ್ದರೆ 16. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಆಳು ಹೋಗಬೇಕು. ನಗರಸಭೆಯ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ಜುಲೈಯಿಂದ ತಿಂಗಳಿಗೆ ಶೇ. 2 ದಂಡ.

ಓಡಾಟಕ್ಕೆ ತಮ್ಮನನ್ನೋ ಭಾವನನ್ನೋ ನೇಮಿಸುವುದಾದರೆ ಅಧಿಕಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ) ಇಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಮಾಡಿಸಿ ಕಳಿಸಿ. ಅದು ಊರು ತಲುಪಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ತಲುಪಿದ ದಿನಕ್ಕೆ ಸಾಕ್ಷಿ, ಅದನ್ನು ಹರಿದು ಬಿಸಾಡದಿರಲು ಈಗಲೇ ಫೋನು ಮಾಡಿ ಹೇಳಿಬಿಡಿ.