ಲೈಬ್ರರಿ ಮಾಡು ಬಿದ್ದಿದೆ, ಜನವರಿ 27ರೊಳಗೆ ಎದ್ದು ನಿಲ್ಲಬೇಕು

ಹಳೆ ವಿದ್ಯಾರ್ಥಿಗಳಿಗೆಲ್ಲ ನಮಸ್ಕಾರ. ಈ ಮಳೆಗಾಲದಲ್ಲಿ ನಮ್ಮ ಶಾಲೆಯ ಲೈಬ್ರರಿಯ ಎರಡು ಪಕ್ಕಾಸು ಗೆದ್ದಲು ಹಿಡಿದು ಮುರಿದವು. ಹೆಂಚು ಜಾರಿ ರಾತ್ರಿಯಿಡೀ ನೀರು ಸುರಿದು, ಗೋಡೆಯಲ್ಲಿದ್ದ ಲ ಶಾಂಬೋಂ ಪ್ರದರ್ಶನದ ಹಾಳೆಗಳು ಅರ್ಧಕ್ಕರ್ಧ ಮುದ್ದೆಯಾದವು. ಹೋದ ವರ್ಷವೇ ಹೆಂಚು ಕೈಯಾಡಿಸಬೇಕಿತ್ತು, ಮುಂದೂಡಿದ್ದು ನಮ್ಮದೇ ತಪ್ಪು.

ಆ ಹಾಳೆ ಬರೆಯುತ್ತಾ ಬೆರಳಿಗೆ ಇಂಕು ಮೆತ್ತಿಕೊಂಡವರು ನಿಮ್ಮಲ್ಲೇ ಎಷ್ಟು ಜನ ಇದ್ದೀರಿ, ಅಲ್ವಾ? ಆದರೂ ಇನ್ನೊಮ್ಮೆ ಹೇಳುತ್ತೇವೆ. ಲ ಶಾಂಬೋಂ ಅಂದರೆ ಫ್ರಾನ್ಸಿನ ಗುಡ್ಡದ ಮೇಲಿನ ಸಣ್ಣ ಊರು. ಅಲ್ಲಿನ ಪ್ರಾಟೆಸ್ಟೆಂಟ್ ರೈತರ ಹಿರಿಯರೇ ಒಂದು ಕಾಲದಲ್ಲಿ ಧರ್ಮದ ಕಾರಣಕ್ಕೆ ರಾಜನ ಸೈನಿಕರಿಂದ ಅಡಗಿ ಬದುಕಿದವರು. ಹಾಗಾಗಿ ಬಾಗಿಲು ತಟ್ಟಿದವರನ್ನು ಅವರು ಜಾಸ್ತಿ ಪ್ರಶ್ನೆ ಕೇಳಲಿಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ನಾಜಿಗಳು ಯಹೂದಿಗಳನ್ನು ಹಿಡಿದು ಕೊಲ್ಲುತ್ತಿದ್ದಾಗ, ಸುತ್ತಲಿನ ಹಳ್ಳಿಗಳೂ ಸೇರಿ ಸುಮಾರು 5,000 ಮಂದಿಗೆ, ಅವರಲ್ಲಿ 3,000ಕ್ಕೂ ಹೆಚ್ಚು ಯಹೂದಿಗಳಿಗೆ, ಆಸರೆ ಸಿಕ್ಕಿತು ಎಂಬ ಅಂದಾಜಿದೆ. ಕೆಲವರು ಅಟ್ಟದಲ್ಲಿ, ಕೆಲವರು ಕೊಟ್ಟಿಗೆಯಲ್ಲಿ. ಕಾರ್ಡ್ ಇಲ್ಲದಿದ್ದರೆ ಬ್ರೆಡ್ಡೂ ಸಿಗದ ಕಾಲ, ಸುಳ್ಳು ಹೆಸರಿನ ರೇಷನ್ ಕಾರ್ಡನ್ನೂ ಹೊಂದಿಸಿ ಕೊಟ್ಟರು. 1942ರ ಆಗಸ್ಟಿನಲ್ಲಿ ಪೊಲೀಸರು ಬಸ್ಸು ತಂದು ಯಹೂದಿಗಳ ಪಟ್ಟಿ ಕೊಡಿ ಅಂದಾಗ ಪಾದ್ರಿ ಆಂದ್ರೆ ತ್ರೊಕ್ಮೆ ಕೊಡಲಿಲ್ಲ. ಅವರ ಸಂಬಂಧಿ ದಾನಿಯೆಲ್ ತ್ರೊಕ್ಮೆ ಮೇಷ್ಟ್ರು. 1943ರ ಜೂನಿನಲ್ಲಿ ಜರ್ಮನ್ ಪೊಲೀಸರು ಅವರ ಹುಡುಗರನ್ನು ಹಿಡಿಯಲು ಬಂದಾಗ ಓಡಿಹೋಗದೆ ಹುಡುಗರ ಜೊತೆಗೇ ನಿಂತರು, ಮುಂದಿನ ಏಪ್ರಿಲ್‌ನಲ್ಲಿ ನಾಜಿಗಳ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆದ ಹಾಳೆ ನೆನೆದಿಲ್ಲ, ಅದೊಂದು ಸಮಾಧಾನ.

ಫ್ಲೆಕ್ಸ್ ಮಾಡಿಸಿದ್ದರೆ ನೀರಿಗೆ ಏನೂ ಆಗುತ್ತಿರಲಿಲ್ಲ ಎಂದವರಿದ್ದಾರೆ. ನಿಜ. ಆದರೆ ಏಳನೇ ಕ್ಲಾಸಿನ ಮಕ್ಕಳು ಕೈಯಾರೆ ಬರೆಯುವಾಗಲೇ ಪ್ರಶ್ನೆ ಹುಟ್ಟುವುದು. ಅಟ್ಟದಲ್ಲಿದ್ದವರಿಗೆ ಕೆಮ್ಮು ಬಂದ್ರೆ ಏನ್ ಮಾಡ್ತಿದ್ರು ಸಾರ್ ಅಂತ ಒಬ್ಬಳು ಕೇಳಿದಳು, ನಮ್ಮ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಈಗ ಅದೇ ಮಕ್ಕಳು ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಕೂತು ಓದುತ್ತಿದ್ದಾರೆ. ಎರಚಲು ಬಂದರೆ ಪುಸ್ತಕ ಮಡಚಿ ಎದ್ದು ನಿಲ್ಲುತ್ತಾರೆ.

ಜನವರಿ 27, ಯಹೂದಿಗಳ ಹತ್ಯಾಕಾಂಡದ ನೆನಪಿನ ದಿನ, ಪ್ರದರ್ಶನ ತಪ್ಪಿದ ವರ್ಷವೇ ಇಲ್ಲ. ಸುತ್ತಲಿನ ಶಾಲೆಗಳವರು ಈಗಲೇ ಫೋನ್ ಮಾಡಿ ಕೇಳುತ್ತಿದ್ದಾರೆ. ಮರ, ಹೆಂಚು, ಕೂಲಿ ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಆಗಬಹುದು ಎಂದು ಆಚಾರಿ ಹೇಳಿದ್ದಾರೆ, ನಮ್ಮ ಕೈಯಲ್ಲಿ ಒಂದು ಲಕ್ಷವೂ ಪೂರ್ತಿ ಇಲ್ಲ. 500 ಕೊಟ್ಟರೂ ಸರಿ, ಹಳೆ ಹೆಂಚು ಕೊಟ್ಟರೂ ಸರಿ. ರಸೀದಿ ಪುಸ್ತಕ ಆಫೀಸಿನಲ್ಲಿದೆ, ಭಾನುವಾರವೂ ಯಾರಾದರೂ ಇರುತ್ತೇವೆ.