ಲಸಿಕೆಗೆ ಮುನ್ನ ಅಲರ್ಜಿ ಪರೀಕ್ಷೆ: ಯಾರಿಗೆ, ಯಾವುದಕ್ಕೆ?

ಮಾನ್ಯ ಸಂಪಾದಕರೇ,

ಒಂಬತ್ತು ತಿಂಗಳ ಮೊಮ್ಮಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಲು ಹೋದಾಗ, ಮೊಟ್ಟೆ ತಿನ್ನಿಸಿದ ದಿನ ಅವಳ ಬಾಯಿಯ ಸುತ್ತ ಪಿತ್ತಗಂಧೆ ಎದ್ದಿತ್ತೆಂದು ನನ್ನ ಸೊಸೆ ಹೇಳಿದ ಒಂದೇ ಮಾತಿಗೆ, ಖಾಸಗಿ ಕ್ಲಿನಿಕ್ಕೊಂದರವರು ಲಸಿಕೆಯನ್ನು ತಡೆದು ಅಲರ್ಜಿಯ ರಕ್ತಪರೀಕ್ಷೆಗೆ ಬರೆದುಕೊಟ್ಟರು. ವರದಿಯಲ್ಲಿ ಹಾಲು, ಗೋಧಿ, ಕಡಲೆಕಾಯಿಗಳ ಎದುರು ಅಂಕಿಗಳಿದ್ದವೇ ಹೊರತು, ಲಸಿಕೆಯಲ್ಲಿರುವ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಪ್ರೋಟೀನು), ನಿಯೋಮೈಸಿನ್ (ಒಂದು ಆ್ಯಂಟಿಬಯಾಟಿಕ್) ಇವುಗಳ ಹೆಸರೇ ಇರಲಿಲ್ಲ. ಈ ಓಡಾಟದಲ್ಲಿ ಆರು ವಾರ ಕಳೆದವು.

ಪುಣೆಯ ಸೀರಂ ಸಂಸ್ಥೆಯ ದಡಾರ-ರುಬೆಲ್ಲಾ ಲಸಿಕೆಯ ವೈರಾಣುಗಳನ್ನು ಬೆಳೆಸುವುದು ಮಾನವ ಜೀವಕೋಶಗಳಲ್ಲಿ. ಕೋಳಿಮೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಮೊಟ್ಟೆಯ ಅಲರ್ಜಿಯನ್ನು ನಿಜವಾಗಿ ವಿಚಾರಿಸಬೇಕಾದದ್ದು, ಆಫ್ರಿಕಾಕ್ಕೆ ಹೋಗುವವರು ಹಾಕಿಸಿಕೊಳ್ಳುವ, ಕೋಳಿಮೊಟ್ಟೆಯಲ್ಲೇ ಬೆಳೆಸುವ ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ.

ಹಾಗೆಂದು ಪರೀಕ್ಷೆಯೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. 1990ರ ದಶಕದಲ್ಲಿ ಜಪಾನಿನಲ್ಲಿ ಲಸಿಕೆ ಪಡೆದ ಕೆಲವು ಮಕ್ಕಳಿಗೆ ತೀವ್ರ ಅಲರ್ಜಿಯಾದಾಗ, ಅಲ್ಲಿನ ವೈದ್ಯರು ಆ ಮಕ್ಕಳನ್ನೇ ಪರೀಕ್ಷಿಸಿ ಕಾರಣ ಜೆಲಾಟಿನ್ ಎಂದು ಕಂಡುಕೊಂಡದ್ದರಿಂದ ತಯಾರಕರು ಅದನ್ನು ಲಸಿಕೆಗಳಿಂದ ತೆಗೆದರು. ಲಸಿಕೆ ಪಡೆದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂಧೆ ಎದ್ದವರಿಗೆ, ಉಸಿರು ಕಟ್ಟಿದವರಿಗೆ ಇಂಥ ಪರೀಕ್ಷೆ ಬೇಕೇ ಬೇಕು. ಅದೇ ಲಸಿಕೆಯ ಒಂದು ಹನಿಯನ್ನು ಮುಂಗೈ ಮೇಲಿಟ್ಟು ಸೂಜಿಮೊನೆಯಿಂದ ಚುಚ್ಚಿ, ಪಕ್ಕದಲ್ಲಿ ಉಪ್ಪುನೀರಿನ ಹನಿಯನ್ನೂ ಹಾಗೆಯೇ ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷಗಳ ನಂತರ ಎದ್ದ ಗುಳ್ಳೆಗಳನ್ನು ಹೋಲಿಸುತ್ತಾರೆ. ಜೆಲಾಟಿನ್‌ನಂಥ ಘಟಕಗಳನ್ನು ಬೇರೆಯಾಗಿ ನೋಡುತ್ತಾರೆ. ತೀವ್ರ ಅಲರ್ಜಿಯಾದರೆ ತಕ್ಷಣ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಸಿದ್ಧವಿರುವ ಕಡೆ, ಅಲರ್ಜಿ ತಜ್ಞರೇ ಮಾಡಬೇಕಾದ ಕೆಲಸವಿದು. (ನೆಗಡಿಗೆಂದು ನಾವು ವೈದ್ಯರನ್ನು ಕೇಳದೆ ಕೊಡುವ ಅಲರ್ಜಿ ಮಾತ್ರೆಯೂ ಫಲಿತಾಂಶವನ್ನು ಕೆಡಿಸುತ್ತದೆ.)

ಆದರೆ ಯಾವ ಲಸಿಕೆ, ಎಷ್ಟು ನಿಮಿಷಕ್ಕೆ ಏನಾಯಿತು ಎಂಬುದು ಗೊತ್ತಿಲ್ಲದೆ ತಜ್ಞರು ತಾನೇ ಯಾವುದನ್ನು ಪರೀಕ್ಷಿಸಬೇಕು? ಆರೋಗ್ಯ ಇಲಾಖೆಯು ತಾಯಿ ಕಾರ್ಡಿನ ಲಸಿಕೆ ಪುಟದಲ್ಲಿ ಈ ವಿವರಗಳಿಗೆಂದೇ ಒಂದು ಅಂಕಣವನ್ನು ಒದಗಿಸಿ, ಬ್ಯಾಚ್ ಸಂಖ್ಯೆಯೊಂದಿಗೆ ಅಲ್ಲಿಯೇ ಬರೆಯುವಂತೆ ಸೂಚಿಸಬೇಕೆಂದು ವಿನಂತಿಸುತ್ತೇನೆ. ಮಕ್ಕಳ ತಜ್ಞರೊಬ್ಬರ ಸಲಹೆಯ ಮೇರೆಗೆ ಮೊಮ್ಮಗಳಿಗೆ ಕೊನೆಗೂ ಲಸಿಕೆ ಹಾಕಿಸಿದೆವು, ಅರ್ಧ ಗಂಟೆ ಕುಳಿತೆವು, ಏನೂ ಆಗಲಿಲ್ಲ. ಅವಳ ಕಾರ್ಡಿನ ಮೇಲೆ ಮಾತ್ರ ಕ್ಲಿನಿಕ್ಕಿನವರು ಕೆಂಪು ಶಾಯಿಯಲ್ಲಿ ಬರೆದ ‘ಅಲರ್ಜಿ’ ಎಂಬ ಪದ ಹಾಗೆಯೇ ಇದೆ. ಯಾವುದಕ್ಕೆ ಎಂದು ಬರೆದಿಲ್ಲ.

– ನಿವೃತ್ತ ಶಿಕ್ಷಕ, ತುಮಕೂರು